ಹೆಂಚಿಗೆ ಕೆಂಪು ಬಳಿದ ವರ್ಷ

ಕಳೆದ ವಾರ ಡೈರಿಯ ಬಾಗಿಲಿಗೆ ಬಳಿಯಲು ಒಂದು ಡಬ್ಬಿ ಬಣ್ಣ ತರೋಣವೆಂದು ಹುಣಸೂರಿಗೆ ಹೋಗಿದ್ದೆ. ನನಗಿಂತ ಮುಂದೆ ನಿಂತಿದ್ದವರೊಬ್ಬರಿಗೆ ತೋರಿಸಲು ಅಂಗಡಿಯವನು ಹೆಂಚಿಗೆ ಬಳಿಯುವ ಬಣ್ಣದ ದೊಡ್ಡ ಬಕೆಟ್ಟಿನ ಮುಚ್ಚಳ ಎಬ್ಬಿಸಿ ಕೋಲಿನಲ್ಲಿ ಕಲಕಿದ. ಹಸಿ ರಬ್ಬರಿನ ಹಾಗೆ, ಸ್ವಲ್ಪ ಹುಳಿಹುಳಿಯಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಾಕೆ ಬಂದಿದ್ದೆ ಅನ್ನುವುದೇ ಮರೆತುಹೋಯಿತು. ಆ ಗಿರಾಕಿಗೆ ಒಂದು ಬುದ್ಧಿಮಾತು ಹೇಳಬೇಕು ಅನ್ನಿಸಿತು. ಆದರೆ ಪೂರ್ತಿ ಕತೆ ಹೇಳದೆ ಬರೀ ಬುದ್ಧಿ ಹೇಳಿದರೆ ಯಾವನೋ ತಲೆಕೆಟ್ಟವನು ಅಂದುಕೊಂಡಾರು. ಸುಮ್ಮನೆ ನನ್ನ ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದೆ. ಗಾವಡಗೆರೆ ಬರುವವರೆಗೂ ಆ ವರ್ಷದ ಮಳೆಗಾಲವೇ ಕಣ್ಣಮುಂದೆ ಇತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಗಾವಡಗೆರೆಯಿಂದ ಒಳಗಿರುವ ನಮ್ಮೂರಿನಲ್ಲಿ ನಾನು ಆಗಲೂ ಈಗಲೂ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಊರಿನವರ ಹಾಲಿನಲ್ಲಿ ನೀರು ಹುಡುಕುವುದು ನನ್ನ ಕೆಲಸ. ‘ಊರ ಆಲಲ್ಲಿ ನೀರು ಇಡೀತಾರೆ, ಸ್ವಂತ ಮನೆ ಸೂರಲ್ಲಿ ಇಡಿಯಾಕೆ ಆಗಲ್ಲ’ ಎಂದು ನನ್ನ ಹೆಂಡತಿ ರತ್ನ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮದು ತಾತ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ. ಹೆಂಚುಗಳಿಗೆ ವಯಸ್ಸಾಗಿತ್ತು. ಮೇಲೆಲ್ಲ ಪಾಚಿ ಕಟ್ಟಿ ಕಪ್ಪಾಗಿದ್ದವು. ಒಡೆದವುಗಳ ಮಾತು ಹಾಗಿರಲಿ, ಒಡೆಯದವೂ ಮಳೆ ನೀರನ್ನು ಕುಡಿದು ಕುಡಿದು, ಕುಡಿದದ್ದು ಜಾಸ್ತಿಯಾದಾಗ ಕೆಳಗೆ ತೊಟ್ಟಿಕ್ಕುತ್ತಿದ್ದವು. ಮಳೆ ಬಂದರೆ ಯಾವ ಮೂಲೆಗೆ ಯಾವ ಪಾತ್ರೆ ಅಂತ ನಮಗೆ ಬಾಯಿಪಾಠವಾಗಿತ್ತು.

ನನಗೆ ಒಬ್ಬಳೇ ತಂಗಿ, ಸವಿತ. ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಕೆ.ಆರ್. ನಗರದ ಕಡೆ, ನಾಲೆ ನೀರಿನ ಗದ್ದೆಯಿರುವ ಮನೆಗೆ ಕೊಟ್ಟಿದ್ದೆವು. ಅಪ್ಪ ನಾವು ಚಿಕ್ಕವರಿರುವಾಗಲೇ ಹೋದರು. ಅವ್ವ ಹೋಗಿ ಎರಡು ವರ್ಷವಾಗಿತ್ತು. ಆ ಯುಗಾದಿಯ ಹೊತ್ತಿಗೆ ಪುಟ್ಟಿಗೆ ಆರು ತಿಂಗಳು. ಮೊದಲ ಹೆರಿಗೆ, ಬಾಣಂತನ ತವರಲ್ಲೇ ಆಗಬೇಕು. ಆದರೆ ಅವ್ವನೇ ಇಲ್ಲದ ಮನೆಯನ್ನು ತವರು ಅನ್ನುತ್ತಾರೋ ಇಲ್ಲವೋ, ನನಗೇ ಅನುಮಾನವಿತ್ತು.

ಹಬ್ಬ ಕಳೆದ ಮೇಲೆ ಪುಟ್ಟಿಯ ಅತ್ತೆ ಜಯಮ್ಮನವರು ಅವಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಬಂದರು. ಗಟ್ಟಿ ಹೆಂಗಸು, ಮಾತು ನೇರ. ಬಾಣಂತನಕ್ಕೆ ಮನೆ ಹೇಗಿದೆ ನೋಡಲು ಬಂದಿದ್ದಾರೆಂದು ನಮಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಎಲ್ಲಿತ್ತೋ ಮಳೆ, ದಬದಬ ಹುಯ್ಯತೊಡಗಿತು. ರತ್ನ ಓಡಾಡಿ ಪಾತ್ರೆಗಳನ್ನು ಇಡುವಷ್ಟರಲ್ಲಿ ಒಂದು ಹನಿ ಸರಿಯಾಗಿ ಜಯಮ್ಮನವರ ಸಾರಿನ ಬಟ್ಟಲಿಗೇ ಬಿತ್ತು. ಅವರು ಬಟ್ಟಲನ್ನು ಅತ್ತ ಸರಿಸಿ ಉಂಡು ಎದ್ದರು. ಮಳೆ ನಿಂತು ಬಿಸಿಲು ಬಂದ ಮೇಲೆ, ಬಾಣಂತಿಗೆಂದು ನಾವು ಗೊತ್ತು ಮಾಡಿದ್ದ ಹಿಂದಿನ ಕೋಣೆಗೆ ಹೋಗಿ ತಲೆಯೆತ್ತಿ ನೋಡಿದರು. ಹೆಂಚಿನ ಸಂದುಗಳಲ್ಲಿ ಅಲ್ಲಲ್ಲಿ ಬೆಳಕು ಮಿಣುಗುತ್ತಿತ್ತು.

‘ಏನಪ್ಪ ಮಾದೇವ, ಅಗಲೊತ್ತಲ್ಲೇ ನಕ್ಸತ್ರ ಕಾಣ್ತವಲ್ಲ ನಿಮ್ಮನೇಲಿ’ ಎಂದರು. ‘ಮಳೆಗಾಲದಲ್ಲಿ ಕೂಸ ಎಲ್ಲಿ ಮಲುಗ್ಸೀಯೆ? ನೋಡ್ಕಳಾಕೆ ಅಂತ ತಾಯೂ ಇಲ್ಲ. ಬುಡು, ಬಾಣಂತನ ನಮ್ಮನೇಲೇ ಆಗ್ಲಿ. ಯಾರೂ ಏನೂ ಅನ್ಕಳಲ್ಲ.’

ನನಗೆ ಮುಖಕ್ಕೆ ಹೊಡೆದಂತಾಯಿತು. ರತ್ನ ತಲೆ ತಗ್ಗಿಸಿದಳು. ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಬಾಣಂತನ ಮಾಡಿ ಗೊತ್ತಿಲ್ಲದವಳು ಅನ್ನುವ ಮಾತನ್ನು ಜಯಮ್ಮನವರು ಆಡದೆ ಬಿಟ್ಟಿದ್ದರು ಅಷ್ಟೆ. ಪುಟ್ಟಿ ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆಯುತ್ತಾ ನಿಂತಿದ್ದಳು. ಹೊರಡುವಾಗ ಜಗಲಿಯ ಮೇಲೆ ನನ್ನ ಪಕ್ಕಕ್ಕೆ ಬಂದು, ‘ಅಣ್ಣ, ನಾನು ಇಲ್ಲಿಗೇ ಬರ್ಬೇಕು ಕಣೋ. ಏನಾರ ಮಾಡು’ ಎಂದಳು. ನಾನು ಧೈರ್ಯ ಮಾಡಿ ಜಯಮ್ಮನವರಿಗೆ, ‘ಮಳೆ ಇಡಿಯೋ ಒಳಗೆ ಸೂರು ಸರಿ ಮಾಡುಸ್ತೀನಿ ಅತ್ತೆ. ಆಮೇಲೆ ಕಳ್ಸಿ’ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಒಂದನಿ ಬೀಳಲ್ಲ ಅಂದ್ರೆ ಕಳುಸ್ತೀನಿ’ ಎಂದರು.

ತಾರಸಿ ಹಾಕಿಸೋಣವೆಂದರೆ ಗೋಡೆಗಳು ಮಣ್ಣಿನವು, ಭಾರ ತಡೆಯವು. ತಗಡಿನ ಶೀಟು ಹಾಕಿಸಿದರೆ ಒಂದೇ ವಾರದ ಕೆಲಸ. ಆದರೆ ಮಳೆ ಬಂದಾಗ ಶೀಟಿನ ಸದ್ದಿಗೆ ಎಳೆಗೂಸು ಬೆಚ್ಚಿಬೀಳುತ್ತದೆ ಎಂದು ರತ್ನ ಒಪ್ಪಲಿಲ್ಲ. ಹಾಲಿನ ಲಾರಿಯ ಡ್ರೈವರ್ ಒಂದು ದಿನ ಕ್ಯಾನು ಏರಿಸುತ್ತಾ, ಹಳೇ ಹೆಂಚನ್ನು ತೊಳೆದು ಬಣ್ಣ ಬಳಿದರೆ ಅದು ನೀರು ಕುಡಿಯುವುದಿಲ್ಲ, ಕೋಟೆ ಕಡೆಯ ಕಾಳಣ್ಣ ಅನ್ನುವವನು ಇಂಥ ಕೆಲಸ ಚೆನ್ನಾಗಿ ಮಾಡುತ್ತಾನೆ ಎಂದ. ಫೋನ್ ನಂಬರೂ ಕೊಟ್ಟ.

ಕಾಳಣ್ಣ ಹೆಗ್ಗಡದೇವನಕೋಟೆಯಿಂದಾಚೆ ಕಾಡಂಚಿನ ಹಾಡಿಯವನು. ವರ್ಷದಲ್ಲಿ ಆರು ತಿಂಗಳು ಕೊಡಗಿನ ಎಸ್ಟೇಟುಗಳಲ್ಲಿ ಹೆಂಚಿನ ಬಂಗಲೆಗಳ ರಿಪೇರಿ, ಉಳಿದ ಕಾಲ ಸ್ವಂತ ರಾಗಿ ಹೊಲ. ಐವತ್ತು ದಾಟಿದ್ದ ಸಣಕಲು ಮನುಷ್ಯ. ಒಂದು ಹಗ್ಗ, ಎರಡು ಬ್ರಶ್ಶು ಇದ್ದ ಚೀಲ ಹಿಡಿದು ಬಸ್ಸಿಳಿದು ಬಂದವನು ನೀರನ್ನೂ ಕುಡಿಯದೆ ಏಣಿ ಹತ್ತಿದ. ಹೆಂಚಿನ ಮೇಲೆ ಅವನು ನಡೆದರೆ ಕೆಳಗೆ ಸದ್ದೇ ಕೇಳುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಒಂದೊಂದೇ ಹೆಂಚನ್ನು ತಟ್ಟುತ್ತಾ ಹೋದ. ಚೆನ್ನಾಗಿದ್ದದ್ದು ಟಣ್ ಎನ್ನುತ್ತಿತ್ತು, ಬಿರುಕು ಬಿಟ್ಟದ್ದು ದಬ್ ಎನ್ನುತ್ತಿತ್ತು. ನಾನೂ ಏನೋ ಮಹಾ ಕಲಿಯುವವನ ಹಾಗೆ ಹಿಂದೆಯೇ ಹತ್ತಿದೆ. ಮೊದಲ ದಿನವೇ ಒಂಬತ್ತು ಹೆಂಚು ತುಳಿದು ಒಡೆದೆ.

‘ಅಣ್ಣೋ, ಅಡಿಗಿರೋ ರೀಪಿನ ಪಟ್ಟಿ ಮ್ಯಾಲೆ ಕಾಲಿಡಿ, ಎಂಚಿನ ಒಟ್ಟೆ ಮ್ಯಾಲಲ್ಲ’ ಎಂದು ಕಾಳಣ್ಣ ಕೂಗಿದ. ‘ಇಂಗೇ ಆದ್ರೆ ಬಳಿಯಾಕೆ ಎಂಚೇ ಉಳಿಯಾಕಿಲ್ಲ.’

ಒಡೆದವುಗಳ ಜಾಗಕ್ಕೆ ಹೊಸ ಹೆಂಚು ತಂದು ಇಟ್ಟರೆ ಕೂರಲಿಲ್ಲ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಹಲ್ಲು ಕಚ್ಚುವುದಿಲ್ಲ ಅನ್ನುವುದು ನನಗೆ ಆವತ್ತೇ ಗೊತ್ತಾದದ್ದು. ತಾತನ ಕಾಲದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ನಾನೂ ಕಾಳಣ್ಣನೂ ಬೈಕಿನಲ್ಲಿ ಊರೂರು ಅಲೆದೆವು. ಕೊನೆಗೆ ಪಿರಿಯಾಪಟ್ಟಣದ ಹತ್ತಿರ ಒಬ್ಬರು ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ ಕೆಡವುತ್ತಿದ್ದರು. ಅದರ ಮೇಲಿದ್ದದ್ದು ನಮ್ಮದೇ ಜಾತಿಯ ಹೆಂಚು, ಅದೇ ಮುದ್ರೆ. ಕಾಳಣ್ಣನ ಮುಖ ಅರಳಿತು. ‘ಬ್ಯಾರನ್ ಎಂಚು ಮ್ಯಾಲೆ ಮಳೆ, ಕೆಳಗೆ ಬೆಂಕಿ ಎರಡೂ ಕಂಡಿರದು. ಬಲೇ ಗಟ್ಟಿ’ ಎಂದ. ಆ ಹೆಂಚುಗಳನ್ನು ಟೆಂಪೋದಲ್ಲಿ ತಂದು ಅಂಗಳದಲ್ಲಿ ಜೋಡಿಸಿದಾಗ ಮನೆಯೆಲ್ಲ ಸೊಪ್ಪಿನ ವಾಸನೆ ಹಿಡಿದು ರತ್ನ ಎರಡು ದಿನ ಮೂಗು ಮುಚ್ಚಿಕೊಂಡೇ ಅಡುಗೆ ಮಾಡಿದಳು.

ಆಮೇಲೆ ತೊಳೆಯುವ ಕೆಲಸ. ತೆಂಗಿನ ನಾರಿನ ಬ್ರಶ್ಶಿನಲ್ಲಿ ಉಜ್ಜಿ ಉಜ್ಜಿ ಪಾಚಿ ತೆಗೆದರೆ ಅಂಗಳದಲ್ಲಿ ಹಸಿರು ನೀರು ಹರಿಯಿತು. ತೊಳೆದದ್ದು ನಾಲ್ಕು ದಿನ, ಒಣಗಲು ಕಾದದ್ದು ಹದಿನೈದು ದಿನ. ಹೆಂಚಿನ ಒಳಗೆ ಹಸಿ ಉಳಿದಿರುವಾಗಲೇ ಬಣ್ಣ ಬಳಿದರೆ ಬೊಬ್ಬೆ ಎದ್ದು ಸಿಪ್ಪೆ ಸುಲಿಯುತ್ತದಂತೆ. ಒಣಗಿತು ಅನ್ನುವಷ್ಟರಲ್ಲಿ ಸಂಜೆ ಒಂದು ಮಳೆ, ಮತ್ತೆ ಮೊದಲಿಂದ. ಕಾಳಣ್ಣ ಬೆಳಿಗ್ಗೆ ಎದ್ದು ಸೂರು ಹತ್ತಿ ಹೆಂಚಿಗೆ ಕೆನ್ನೆ ಒತ್ತಿ ನೋಡುತ್ತಿದ್ದ. ತಣ್ಣಗಿದ್ದರೆ ಇನ್ನೂ ಹಸಿ ಇದೆ ಎಂದು ಅರ್ಥ. ನಾನೂ ಅದನ್ನು ಕಲಿತೆ. ಡೈರಿಗೆ ಹಾಲು ತರುವವರು ಬೀದಿಯಲ್ಲಿ ನಿಂತು, ಕಾರ್ಯದರ್ಶಿಗಳು ಹೆಂಚಿಗೆ ಮುತ್ತಿಡುವುದನ್ನು ನೋಡಿ ನಗುತ್ತಿದ್ದರು. ‘ಮದ್ವೆ ಆಗಿ ಐದು ವರ್ಸದಲ್ಲಿ ನಂಗೇ ಇಷ್ಟು ಪ್ರೀತಿ ತೋರ್ಸಿಲ್ಲ ನೀವು’ ಎಂದು ರತ್ನ ಕೆಳಗಿನಿಂದ ಕೂಗಿದಳು.

ನನಗೆ ನಗು ಬರುತ್ತಿರಲಿಲ್ಲ. ದಿನಗಳು ಓಡುತ್ತಿದ್ದವು. ಪುಟ್ಟಿ ದಿನಕ್ಕೊಂದು ಸಲ ಫೋನ್ ಮಾಡಿ ಹೆಂಚು ಒಣಗಿತಾ ಎಂದು ಕೇಳುತ್ತಿದ್ದಳು, ತನ್ನ ಆರೋಗ್ಯದ ಮಾತು ಆಮೇಲೆ. ಕೊನೆಗೂ ಐದಾರು ದಿನ ಒಂದೇ ಸಮ ಬಿಸಿಲು ಬಂತು. ಮೊದಲು ನೀರಿನಂಥದೊಂದು ಪ್ರೈಮರ್; ಬಳಿದಷ್ಟನ್ನೂ ಹೆಂಚು ಹೀರಿಕೊಂಡಿತು. ಅದರ ಮೇಲೆ ಎರಡು ಸಲ ಕೆಂಪು. ಬಳಿದು ಮುಗಿದ ಸಂಜೆ ನಾವು ಮೂವರೂ ಎದುರುಮನೆಯ ಜಗಲಿಯ ಮೇಲೆ ಕೂತು ನಮ್ಮ ಮನೆಯನ್ನು ನೋಡಿದೆವು. ಮಾಗಿದ ಟೊಮೇಟೋ ಹಣ್ಣಿನ ಹಾಗೆ ಕೆಂಪಗೆ, ನಮ್ಮದೋ ಅಲ್ಲವೋ ಅನ್ನುವ ಹಾಗಿತ್ತು. ಕಾಳಣ್ಣ ಒಂದು ತಂಬಿಗೆ ನೀರು ತೆಗೆದುಕೊಂಡು ಹೋಗಿ ಎರಚಿದ. ನೀರು ಒಂದು ಚೂರೂ ನಿಲ್ಲದೆ ಜಾರಿ ಕೆಳಗೆ ಬಿತ್ತು.

ಮಾರನೆಯ ದಿನ ಊರಿಗೆ ಹೊರಡುವಾಗ ಅವನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದ. ‘ಸಂದೀಲಿ ಬೆಳಕು ಕಾಣ್ತದೆ ಅಂತ ಎದರ್ಕಬ್ಯಾಡಿ. ಎಂಚು ಒಂದರ ಮ್ಯಾಲೊಂದು ಕೂತದೆ, ನೀರು ಬರಾಕಿಲ್ಲ. ಆ ಸಂದೀಲೇ ಮನೆ ಉಸುರಾಡದು. ಅದುಕ್ಕೆ ಏನೂ ಮೆತ್ತಬ್ಯಾಡಿ ಆಯ್ತಾ?’ ಎಂದ. ನಾನು ಆಯ್ತು ಎಂದೆ. ಬಸ್ಸಿನವರೆಗೂ ಹೋಗಿ ಬಿಟ್ಟು ಬಂದೆ.

ಬಂದವನು ಮತ್ತೆ ಆ ಕೋಣೆಯಲ್ಲಿ ನಿಂತು ತಲೆಯೆತ್ತಿದೆ. ಬೆಳಕಿನ ಚುಕ್ಕಿಗಳು ಹಾಗೇ ಇದ್ದವು. ಒಂದು ಹನಿಯೂ ಬರುವುದಿಲ್ಲ ಎಂದು ನನ್ನ ತಲೆಗೆ ಗೊತ್ತು. ಆದರೆ ಕಿವಿಯಲ್ಲಿ ಜಯಮ್ಮನವರ ಮಾತು ಗುಂಯ್‌ಗುಡುತ್ತಿತ್ತು. ಬಂದು ನೋಡಿದರೆ ಅವರಿಗೆ ಕಾಣುವುದು ಬಣ್ಣವಲ್ಲ, ಆ ಚುಕ್ಕಿಗಳೇ. ಬಕೆಟ್ಟಿನಲ್ಲಿ ಇನ್ನೂ ಬಣ್ಣ ಉಳಿದಿತ್ತು. ಅದಕ್ಕೆ ಸಿಮೆಂಟು ಕಲಸಿ ಗಟ್ಟಿ ಮಾಡಿಕೊಂಡೆ. ಏಣಿ ಹತ್ತುವಾಗ ರತ್ನ ಕಾಲು ಹಿಡಿದು ಎಳೆದಳು. ‘ಕಾಳಣ್ಣ ಬ್ಯಾಡ ಅಂದಿಲ್ವಾ? ಅವರ ಮಾತು ಕೇಳಿ’ ಎಂದಳು. ‘ಅವನ ತಂಗೀನಾ ಬರ್ತಿರೋದು, ನನ್ನ ತಂಗೀನಾ?’ ಎಂದು ರೇಗಿ ಕಾಲು ಬಿಡಿಸಿಕೊಂಡೆ. ಆ ಕೋಣೆಯ ಮೇಲಿನ ಪ್ರತಿಯೊಂದು ಸಂದಿಗೂ ಬೆರಳಿನಲ್ಲೇ ಮೆತ್ತಿದೆ. ಇಳಿದು ಒಳಗೆ ಬಂದು ತಲೆಯೆತ್ತಿದರೆ ಮೇಲೆ ಹಗಲಲ್ಲೇ ಕಗ್ಗತ್ತಲು. ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ.

ಮುಂಗಾರು ಹಿಡಿಯಿತು. ಮೂರು ದಿನ ಬಿಡದೆ ಸುರಿದರೂ ಮನೆಯೊಳಗೆ ಒಂದು ಹನಿ ಬೀಳಲಿಲ್ಲ. ರತ್ನ ಅಭ್ಯಾಸಬಲದಿಂದ ಪಾತ್ರೆಗಳನ್ನು ಇಟ್ಟಿದ್ದವಳು ಎಲ್ಲವೂ ಖಾಲಿಯಿರುವುದನ್ನು ನೋಡಿ ಒಂದೊಂದಾಗಿ ಎತ್ತಿಟ್ಟಳು. ನಾನು ಜಯಮ್ಮನವರಿಗೆ ಫೋನ್ ಮಾಡಿದೆ. ಆಡಿದ ಮಾತಿಗೆ ತಪ್ಪದೆ ಒಂಬತ್ತನೇ ತಿಂಗಳಲ್ಲಿ ಪುಟ್ಟಿಯನ್ನು ಕಳಿಸಿಕೊಟ್ಟರು. ಆಷಾಢದಲ್ಲಿ ಹುಣಸೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಅವ್ವನ ಮೂಗು, ಅವ್ವನ ಹಾಗೇ ಅಗಲ ಹಣೆ. ನಾನು ವಾರ್ಡಿನ ಹೊರಗೆ ನಿಂತು ಸುಮ್ಮಸುಮ್ಮನೆ ಎಲ್ಲರಿಗೂ ಸಕ್ಕರೆ ಕೊಟ್ಟೆ.

ಆಸ್ಪತ್ರೆಯಿಂದ ಬಂದ ಮೇಲೆ ಮಗುವಿಗೂ ಬಾಣಂತಿಗೂ ಮೊದಲ ಸಲ ಎಣ್ಣೆ ಹಚ್ಚಿ ನೀರೆರೆಯಲು ಜಯಮ್ಮನವರೇ ಕಾರಿನಲ್ಲಿ ಬಂದರು. ರತ್ನನಿಗೆ ಬರುವುದಿಲ್ಲವಲ್ಲ. ಹೊರಗೆ ಜಡಿಮಳೆ, ಚಳಿಗಾಳಿ. ನೀರೆರೆದು, ಇಬ್ಬರನ್ನೂ ಹಿಂದಿನ ಕೋಣೆಗೆ ಕರೆತಂದು, ಗಾಳಿ ಸೋಕಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿ, ರತ್ನನನ್ನೂ ಒಳಗೇ ಇಟ್ಟುಕೊಂಡು ಬಾಗಿಲು ಹಾಕಿದರು. ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮ ಹಾಕಿ ಹೊಗೆ ಕೊಡತೊಡಗಿದರು. ಆ ಕೋಣೆಯಲ್ಲಿ ನಮ್ಮ ಅಜ್ಜಿ, ಅವ್ವ ಎಲ್ಲರಿಗೂ ಹೀಗೇ ಹೊಗೆ ಕೊಟ್ಟದ್ದು. ಆ ಹೊಗೆ ಯಾವತ್ತೂ ಹೆಂಚಿನ ಸಂದಿಯಲ್ಲಿ ತನ್ನಷ್ಟಕ್ಕೆ ಹೊರಟುಹೋಗುತ್ತಿತ್ತು. ಅದಕ್ಕೊಂದು ದಾರಿ ಇತ್ತು ಅನ್ನುವುದು ಯಾರ ತಲೆಗೂ ಬಂದಿರಲಿಲ್ಲ.

ಜಗಲಿಯಲ್ಲಿ ಕೂತಿದ್ದ ನನಗೆ ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಮಗು ಉಸಿರು ಸಿಕ್ಕದ ಹಾಗೆ ಚೀರಿದ್ದು. ಬಾಗಿಲು ಧಡಕ್ಕನೆ ತೆರೆಯಿತು. ಹೊಗೆಯ ಜೊತೆ ರತ್ನ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಮಳೆಗಾಳಿ ಬೀಸಿ ಮಗು ಗಡಗಡ ನಡುಗಿತು. ‘ಗಾಳಿಗೆ ತರಬ್ಯಾಡ, ಒಳಿಕ್ಕೋಗು!’ ಎಂದು ಜಯಮ್ಮನವರು ಕೂಗಿದರು. ಒಳಗೆ ಹೋದರೆ ಹೊಗೆ, ಹೊರಗೆ ಬಂದರೆ ಗಾಳಿ. ಪುಟ್ಟಿ ಒದ್ದೆ ತಲೆಯಲ್ಲಿ ಗೋಡೆ ಹಿಡಿದು ಕೆಮ್ಮುತ್ತಿದ್ದಳು.

‘ಇದೇನ್ ಮನೆಯಪ್ಪ ಇದು, ಮಡಕೆ ಮುಚ್ಚಿದಂಗೆ!’ ಜಯಮ್ಮನವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ‘ಡ್ರೈವರ್‌ಗೆ ಗಾಡಿ ತಿರುಗ್ಸು ಅನ್ನು. ಇವತ್ತೇ ಕರ್ಕಂಡೋಯ್ತೀನಿ ತಾಯೀನೂ ಕೂಸ್ನೂ.’

ಪುಟ್ಟಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಇನ್ನೂ ಮರೆತಿಲ್ಲ. ನಾನು ಅಡುಗೆಮನೆಯಿಂದ ಮಚ್ಚು ತೆಗೆದುಕೊಂಡು ಏಣಿ ಹತ್ತಿದೆ. ಬಣ್ಣದ ಹೆಂಚು ಮಳೆಯಲ್ಲಿ ಜಾರುತ್ತಿತ್ತು. ಎರಡು ಸಲ ಮಂಡಿಯೂರಿ ಬಿದ್ದೆ. ಹೆಂಚೊಂದನ್ನು ಎತ್ತಲು ನೋಡಿದರೆ ಅಲ್ಲಾಡಲಿಲ್ಲ. ನನ್ನ ಸಿಮೆಂಟು ಅಷ್ಟು ಚೆನ್ನಾಗಿ ಹಿಡಿದಿತ್ತು. ನನ್ನನ್ನೇ ಬೈದುಕೊಂಡು ಮಚ್ಚಿನ ಹಿಡಿಯಿಂದ ಬಡಿದೆ. ತೊಳೆದು, ಕೆನ್ನೆ ಒತ್ತಿ, ಮೂರು ಸಲ ಬಳಿದಿದ್ದ ಹೆಂಚು ಎರಡು ಹೋಳಾಯಿತು. ಪಕ್ಕದ್ದನ್ನೂ ಒಡೆದೆ. ಹೊಗೆ ಭುಸ್ಸೆಂದು ಮುಖಕ್ಕೇ ನುಗ್ಗಿತು.

ಹೊಗೆ ತಿಳಿಯಾದ ಮೇಲೆ ಕೆಳಗೆ ಬಗ್ಗಿ ನೋಡಿದೆ. ಮೂವರು ಹೆಂಗಸರೂ ಮತ್ತೆ ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದರು. ರತ್ನ ಮಗುವಿನ ಮೇಲೆ ಹನಿ ಬೀಳದಂತೆ ಮೊರ ಹಿಡಿದಿದ್ದಳು. ಜಯಮ್ಮನವರು ತಲೆಯೆತ್ತಿ, ‘ಯಾವನ್ಲಾ ನಿಂಗೆ ಇಂಗೆ ಮೆತ್ತು ಅಂದೋನು?’ ಎಂದು ಗದರಿದರು.

‘ನೀವೇ ಅತ್ತೆ’ ಎಂದೆ. ‘ಬೆಳಕು ಕಂಡ್ರೆ ನೀವು ಕಳ್ಸಲ್ಲ ಅನ್ಕಂಡೆ. ಅವ್ವ ಇದ್ದಿದ್ರೆ ಎಂಗಿದ್ರೂ ಕಳುಸ್ತಿದ್ರಿ. ನಾನು ಬರೀ ಅಣ್ಣ.’

ಕೆಳಗೆ ಮಗು ಒಮ್ಮೆ ಸೀನಿತು. ಜಯಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೊಗೆಗೋ, ಬೇರೆಯದಕ್ಕೋ, ನಾನು ಹೇಳಲಾರೆ. ‘ನಂಗೆ ಮೂರು ಎರಿಗೆ ಆಯ್ತು ಕಣಪ್ಪ’ ಎಂದರು. ‘ನಂಗೂ ಅಣ್ಣದೀರು ಇದ್ರು. ಒಬ್ನೂ ಬಂದು ಕರೀಲಿಲ್ಲ. ಇಳಿ ಕೆಳಿಕೆ, ಜಾರೀಯೆ. ಡ್ರೈವರ್‌ಗೆ ಓಗು ಅನ್ನು. ನಾನೂ ನಾಕು ದಿನ ಇದ್ದು ಈ ಉಡುಗಿಗೆ ಕೂಸಿಗೆ ನೀರ್ ಎರಿಯಾದು ಏಳ್ಕೊಟ್ಟು ಓಯ್ತೀನಿ.’

ನಾಲ್ಕು ದಿನ ಅಂದವರು ಎಂಟು ದಿನ ಇದ್ದರು. ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ನೀರು ಹುಯ್ಯುವುದನ್ನು ರತ್ನ ಎರಡೇ ದಿನದಲ್ಲಿ ಕಲಿತಳು. ಕಾಳಣ್ಣನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ನಕ್ಕು ನಕ್ಕು ಕೆಮ್ಮಿದ. ಮಳೆ ಬಿಡುವು ಕೊಟ್ಟಾಗ ಬಂದು, ನಾನು ಮೆತ್ತಿದ್ದನ್ನೆಲ್ಲ ಉಳಿಯಲ್ಲಿ ಬಿಡಿಸಿ, ಒಡೆದ ಕಡೆ ಬ್ಯಾರನ್ನಿನ ಹೆಂಚು ಕೂರಿಸಿ, ಎಲ್ಲಕ್ಕೂ ಮತ್ತೆ ಒಂದು ಸಲ ಕೆಂಪು ಎಳೆದು ಹೋದ. ಕೂಲಿ ಬೇಡವೆಂದ. ರತ್ನ ಒತ್ತಾಯ ಮಾಡಿ ಅವನ ಚೀಲದಲ್ಲಿ ಒಂದು ಡಬ್ಬಿ ತುಪ್ಪ ಇಟ್ಟಳು.

ಐದು ತಿಂಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಪುಟ್ಟಿಯ ಗಂಡ ಕರೆದುಕೊಂಡು ಹೋಗಲು ಬಂದ ದಿನ ರತ್ನ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದಳು. ಪುಟ್ಟಿ ಹೊಸಿಲು ದಾಟಿ, ಅಂಗಳ ದಾಟಿ, ಕಾರಿನ ಬಾಗಿಲಿಗೆ ಕೈಯಿಟ್ಟವಳು ಒಮ್ಮೆ ಹಿಂದಿರುಗಿ ಮನೆಯನ್ನು ನೋಡಿ, ರತ್ನನ ಕೊರಳಿಗೆ ಬಿದ್ದು ಜೋರಾಗಿ ಅಳತೊಡಗಿದಳು. ಅವಳ ಗಂಡ ಗಾಬರಿಯಾಗಿ ನನ್ನ ಕಡೆ ನೋಡಿದ. ಈ ಅಳುವಿನ ಹಿಂದೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವ್ವ ತೀರಿಕೊಂಡ ವರ್ಷದೊಳಗೇ ಮಾಡಬೇಕೆಂದು ತರಾತುರಿಯಲ್ಲಿ ಮಾಡಿದ ಮದುವೆ ಅವರದು. ಆವತ್ತು ಇದೇ ಅಂಗಳದಿಂದ ಹೊರಟಾಗ ಪುಟ್ಟಿಯ ಕಣ್ಣಲ್ಲಿ ಒಂದು ತೊಟ್ಟು ನೀರು ಬಂದಿರಲಿಲ್ಲ. ಹೆಣ್ಣುಮಗಳು ಅಳದೆ ಹೋದಳಲ್ಲ ಎಂದು ಊರಿನವರು ಆಡಿಕೊಂಡಿದ್ದರು. ಬಿಟ್ಟು ಹೋಗಲು ಇಲ್ಲಿ ಅವಳಿಗೆ ಏನೂ ಉಳಿದಿಲ್ಲ ಅಂದುಕೊಂಡು ನಾನು ಒಳಗೇ ಕುಗ್ಗಿದ್ದೆ. ಈಗ ಅವಳು ಬಿಕ್ಕಿಬಿಕ್ಕಿ ಅಳುತ್ತಿದ್ದರೆ ಸಮಾಧಾನ ಮಾಡಬೇಕಾದ ನಾನು ಅಂಗಳದಲ್ಲಿ ನಿಂತು, ಅಳಲಿ, ಚೆನ್ನಾಗಿ ಅಳಲಿ ಎಂದುಕೊಂಡೆ.